ಹಾಡು ಮುಗಿಯುವ ತನಕ ನಿಂತಿದ್ದೆ

ಟ್ಯಾಂಗೋ ಕುಣಿತ ಕಲಿಸಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಕಲಿಯಲೇಬೇಕು ಎಂದು ಹಟ ಹಿಡಿದವರು ಇವರು, ಅಂದರೆ ನನ್ನ ಗಂಡ.

ಆಗ ನಾವು ಚೆಂಬೂರಿನಲ್ಲಿದ್ದೆವು. ಎರಡು ಖೋಲಿ, ಒಂದು ಅಡಿಗೆಮನೆ, ಮುಂದೆ ಸಣ್ಣದೊಂದು ಗ್ಯಾಲರಿ. ಇವರು, ಅತ್ತೆ, ನಾನು, ಮೂರೇ ಜನ. ಧಾರವಾಡ ಬಿಟ್ಟು ಬಂದು ನಾಲ್ಕು ವರ್ಷವಾಗಿತ್ತು. ಇವರು ಫೋರ್ಟಿನ ಒಂದು ವಿಲಾಯತಿ ಕಂಪನಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದರು. ಇಂಗ್ಲಿಷ್ ಚೊಕ್ಕವಾಗಿ ಬರೆಯುತ್ತಾರೆ ಎಂದು ಹೆಸರಿತ್ತು. ಆ ವರ್ಷವೋ ಮುಂದಿನ ವರ್ಷವೋ ಅವರ ವಿಭಾಗದಲ್ಲಿ ಆಫೀಸರನ ಜಾಗವೊಂದು ಖಾಲಿಯಾಗುವುದಿತ್ತು. ಮನೆಯಲ್ಲಿ ಮಾತೆಲ್ಲ ಆ ಜಾಗದ ಸುತ್ತಲೇ ತಿರುಗುತ್ತಿತ್ತು.

ಒಂದು ಸಂಜೆ ಬಂದವರೇ ಬೂಟು ಕೂಡ ಬಿಚ್ಚದೆ ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ಮುಂದಿನ ವರ್ಷದ ಕಂಪನಿ ಗ್ಯಾದರಿಂಗಿನ್ಯಾಗ ನಾವಿಬ್ಬರೂ ಡಾನ್ಸ್ ಮಾಡಬೇಕು."

"ಯಾರಿಬ್ಬರು?" ಎಂದೆ ನಾನು, ನಿಜವಾಗಿ ತಿಳಿಯದೆ.

"ನೀನೂ ನಾನೂ. ಆಫೀಸರ್ ಮಂದಿ ಎಲ್ಲಾ ಹೆಂಡ್ತೀನ್ನ ಕರಕೊಂಡು ಬರ್ತಾರ, ಟ್ಯಾಂಗೋ ಮಾಡ್ತಾರ. ನಾ ಒಬ್ಬನ ಗ್ವಾಡಿಗೆ ಹತ್ತಿ ಕೂತು ಲೆಮನೇಡ್ ಕುಡಿದು ಬರಬೇಕೇನು? ದೊಡ್ಡ ಸಾಹೇಬ ಎಲ್ಲಾ ನೋಡ್ತಾನ."

ನಾನು ಲಟ್ಟಣಿಗೆ ಕೆಳಗಿಟ್ಟೆ. ಆ ಕ್ಷಣ ನೆನಪಾದದ್ದು ಎರಡು ವರ್ಷ ಹಿಂದಿನ ಗಣಪತಿ. ಕಾಲೊನಿಯ ಮಂಟಪದಲ್ಲಿ ಎರಡು ಪದ ಹಾಡು ಎಂದು ಹೆಂಗಸರೆಲ್ಲ ನನ್ನನ್ನು ಕೇಳಿದ್ದರು. ಧಾರವಾಡದಲ್ಲಿ ಆರು ವರ್ಷ ಸಂಗೀತ ಕಲಿತವಳು ನಾನು. ಆಗ ಇವರು, "ನಾಲ್ಕು ಗಂಡಸರ ಎದುರಿಗೆ ಬಾಯಿ ತೆರೆದು ಕೂಡೂದು ನಮ್ಮ ಮನೀ ಪದ್ಧತಿ ಅಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ತಂಬೂರಿಗೆ ಅವತ್ತು ಹೊದಿಸಿದ ಬಟ್ಟೆಯನ್ನು ನಾನು ಮತ್ತೆ ತೆಗೆದಿರಲಿಲ್ಲ.

"ಹಾಡಬಾರದು, ಕುಣೀಬೇಕು. ಹೌದಲ್ಲ?" ಎಂದೆ.

"ಅದು ಬ್ಯಾರೆ, ಇದು ಬ್ಯಾರೆ," ಅಂದರು. ಹೇಗೆ ಬೇರೆ ಎಂದು ಹೇಳಲಿಲ್ಲ. "ನನ್ನ ಸಲುವಾಗಿ ಇಷ್ಟು ಮಾಡ್ಲಿಕ್ಕೆ ಆಗೂದಿಲ್ಲೇನು?"

ಮಾಡಿದೆ. ಈಗ ಬರೆಯುವಾಗಲೂ ಇದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಅತ್ತೆಗೆ, ಭಾನುವಾರ ಬೆಳಿಗ್ಗೆ ಇಬ್ಬರೂ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತೇವೆ ಎಂದು ಇವರೇ ಹೇಳಿದರು. ಸುಳ್ಳು ಹೇಳಿದವರು ಅವರು. ಆದರೆ ಹಿಂತಿರುಗಿ ಬಂದಾಗ "ಇವತ್ತೇನು ಕಲಿತೀ?" ಎಂದು ಅತ್ತೆ ಕೇಳುತ್ತಿದ್ದುದು ನನ್ನನ್ನು. ನಾನು ಸಾಲೆಯಲ್ಲಿ ಕಲಿತ ಯಾವುದೋ ಇಂಗ್ಲಿಷ್ ವಾಕ್ಯ ಹೇಳಿ ಬಚಾವಾಗುತ್ತಿದ್ದೆ.

ಚೆಂಬೂರಿನಿಂದ ಲೋಕಲ್ ಹಿಡಿದು ಬೋರಿಬಂದರಿನಲ್ಲಿ ಇಳಿದು, ಅಲ್ಲಿಂದ ಧೋಬಿತಲಾವಿಗೆ ನಡೆದು ಹೋಗುತ್ತಿದ್ದೆವು. ವಾದ್ಯ ರಿಪೇರಿಯ ಅಂಗಡಿಯೊಂದರ ಮೇಲಿನ ಮಾಳಿಗೆ. ಕಟ್ಟಿಗೆಯ ನೆಲ, ಗೋಡೆಗುಂಟ ಕುರ್ಚಿಗಳು, ಒಂದು ಗ್ರಾಮಫೋನು. ಮಾಸ್ತರರು ಗೋವಾದವರು, ಅರವತ್ತು ದಾಟಿತ್ತು. ಮದುವೆಯಾಗದ ತಂಗಿಯೊಡನೆ ಹಿಂದಿನ ಖೋಲಿಯಲ್ಲೇ ಇರುತ್ತಿದ್ದರು. ಹರೆಯದಲ್ಲಿ ಹಡಗಿನ ಬ್ಯಾಂಡಿನಲ್ಲಿ ಪಿಟೀಲು ನುಡಿಸುತ್ತಿದ್ದವರು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಇಳಿದು ಆರು ವರ್ಷ ಅಲ್ಲೇ ಉಳಿದುಬಿಟ್ಟಿದ್ದರಂತೆ. ಅವರ ಹಿಂದಿಯೂ ನನ್ನ ಹಿಂದಿಯೂ ಒಂದೇ ಯೋಗ್ಯತೆಯವು. ಹಾಗಾಗಿ ನಮಗಿಬ್ಬರಿಗೂ ಮಾತು ಚೆನ್ನಾಗಿ ತಿಳಿಯುತ್ತಿತ್ತು.

"ಕ್ಲಬ್ಬಿನವರು ಕುಣಿಯುವುದು ಇಂಗ್ಲಿಷರ ಟ್ಯಾಂಗೋ," ಅಂದರು ಮೊದಲ ದಿನ. "ನೊಣ ಓಡಿಸುವವರ ಹಾಗೆ ಕತ್ತು ಝಾಡಿಸುತ್ತಾರೆ. ನಾನು ಕಲಿಸುವುದು ಆ ಊರಿನದು. ಇದು ಬಂದರೆ ಅದು ತಾನಾಗಿ ಬರುತ್ತದೆ."

ಆಮೇಲೆ ಇವರ ಕಡೆ ತಿರುಗಿ, "ಸಾಹೇಬರು ಮೊದಲು ಹೆಂಗಸಿನ ಹೆಜ್ಜೆ ಕಲಿಯಬೇಕು," ಅಂದರು.

ಇವರ ಮುಖ ನೋಡಬೇಕಿತ್ತು.

ಮಾಸ್ತರರು ಸಮಾಧಾನದಿಂದಲೇ ವಿವರಿಸಿದರು. ಆ ಊರಿನಲ್ಲಿ ಗಂಡಸು ತಿಂಗಳುಗಟ್ಟಲೆ ಗಂಡಸರ ಜೊತೆಗೇ ಕಲಿಯುತ್ತಾನೆ, ಅದೂ ಮೊದಲು ಹೆಂಗಸಿನ ಪಾಲಿನದನ್ನು. ಹಿಂದಕ್ಕೆ ನಡೆಯುವುದು ಅಂದರೇನು, ಯಾರಾದರೂ ದೂಡಿದರೆ ಹೇಗನಿಸುತ್ತದೆ, ಇದು ಮೈಗೆ ತಿಳಿದ ಮೇಲೆಯೇ ಇನ್ನೊಬ್ಬರನ್ನು ನಡೆಸುವ ಹಕ್ಕು ಬರುತ್ತದೆ. ಇವರು ಎರಡು ಭಾನುವಾರ ತುಟಿ ಕಚ್ಚಿಕೊಂಡು ಮಾಸ್ತರರ ತೋಳಿನಲ್ಲಿ ಹಿಂದಕ್ಕೆ ನಡೆದರು. ಮೂರನೆಯ ಭಾನುವಾರ, "ನಾ ಏನು ನಾಟಕದಾಗ ಹೆಣ್ಣು ಪಾರ್ಟು ಮಾಡ್ಲಿಕ್ಕೆ ಬಂದೀನೇನು?" ಎಂದು ನನಗೆ ಕನ್ನಡದಲ್ಲಿ ಹೇಳಿ, ಮಾಸ್ತರರಿಗೆ ಇಂಗ್ಲಿಷಿನಲ್ಲಿ, ತಮಗೆ ಸಮಯ ಕಡಿಮೆಯಿದೆ, ಗಂಡಸಿನದಷ್ಟೇ ಸಾಕು ಎಂದರು. ಮಾಸ್ತರರು ಭುಜ ಹಾರಿಸಿದರು. ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ನನಗೆ ಅಂಥ ಆಯ್ಕೆ ಇರಲಿಲ್ಲ. ನಾನು ಹಿಂದಕ್ಕೆ ನಡೆಯುವುದನ್ನು ಕಲಿತೆ.

ನಡೆಯುವುದು ಯಾರಿಗೆ ಬರುವುದಿಲ್ಲ ಎಂದುಕೊಂಡಿದ್ದೆ. ಮೊದಲ ಎರಡು ತಿಂಗಳು ಮಾಸ್ತರರು ಕಲಿಸಿದ್ದು ಬರೀ ನಡಿಗೆ. ಕಾಲು ಸೊಂಟದಿಂದ ಹೊರಡಬೇಕು, ಮೊಣಕಾಲಿನಿಂದಲ್ಲ. ಒಂದು ಪಾದದ ಮೇಲೆ ಮೈಯ ಭಾರ ಪೂರ್ತಿ ಇಳಿದ ಮೇಲೆಯೇ ಇನ್ನೊಂದು ಪಾದ ಏಳಬೇಕು. ನಾನು ಎರಡರ ಮೇಲೂ ಅರ್ಧರ್ಧ ಭಾರ ಹಾಕಿ ನಿಲ್ಲುತ್ತಿದ್ದೆ, ಬಸ್ಸಿಗೆ ಕಾಯುವವಳ ಹಾಗೆ. ಸೀರೆಯ ಅಂಚು ಹಿಮ್ಮಡಿಗೆ ಸಿಕ್ಕಿ ಎರಡು ಸಲ ಬಿದ್ದೆ. ಸೀರೆ ನಾಲ್ಕು ಬೆರಳು ಮೇಲೆ ಉಟ್ಟೆ. ಮನೆಯ ಚಪ್ಪಲಿ ಜಾರುತ್ತಿತ್ತು ಎಂದು ಮಾಸ್ತರರ ತಂಗಿ ತನ್ನ ಹಳೆಯ ಬೂಟು ಕೊಟ್ಟಳು. ಅದು ಹೆಬ್ಬೆರಳಿನ ಬುಡದಲ್ಲಿ ಕಚ್ಚಿ ಹುಣ್ಣಾಯಿತು. ಅತ್ತೆ ಕೇಳಿದರೆ ಲೋಕಲ್‌ನಲ್ಲಿ ಯಾರೋ ತುಳಿದರು ಎಂದೆ.

ಅಪರಿಚಿತ ಗಂಡಸಿನ ಕೈ ಬೆನ್ನಿನ ಮೇಲೆ ಬರುತ್ತದೆ ಎಂದು ನನಗೆ ಎದೆ ಹೊಡೆದುಕೊಂಡಿತ್ತು. ಮಾಸ್ತರರು ಕಿಸೆಯಿಂದ ಒಗೆದ ಬಿಳಿ ಕರವಸ್ತ್ರ ತೆಗೆದು ಅಂಗೈಯ ಮೇಲೆ ಹರವಿಕೊಂಡರು, ಆಮೇಲೆ ನನ್ನ ಬೆನ್ನಿಗೆ ಕೈ ಇಟ್ಟರು. ಆ ಕೈ ಅಲ್ಲಿಂದ ಒಂದು ಬೆರಳೂ ಆಚೀಚೆ ಸರಿಯಲಿಲ್ಲ. ಒಂದೂವರೆ ವರ್ಷದಲ್ಲಿ ಒಮ್ಮೆಯೂ ಸರಿಯಲಿಲ್ಲ.

ನನಗೆ ಎಲ್ಲಕ್ಕಿಂತ ಕಠಿಣವಾದದ್ದು ಕಾಯುವುದು. ಮಾಸ್ತರರು ಕಾಲೆತ್ತುವ ಮೊದಲೇ ನಾನು ಊಹಿಸಿ ಹಿಂದೆ ಹೆಜ್ಜೆ ಇಟ್ಟುಬಿಡುತ್ತಿದ್ದೆ.

"ಬಾಯಿಸಾಹೇಬ್, ಯಾಕೆ ಮೊದಲೇ ಹೋಗುತ್ತೀರಿ? ನಾನು ಇನ್ನೂ ಏನೂ ಹೇಳಿಲ್ಲ."

"ನೀವು ಹೇಳುವುದು ಗೊತ್ತಾಯಿತಲ್ಲ."

"ಗೊತ್ತಾಗಬಾರದು. ಹೇಳುವ ತನಕ ಕಾಯಬೇಕು. ತಡವಾದರೆ ಅದು ಗಂಡಸಿನ ತಪ್ಪು, ನಿಮ್ಮದಲ್ಲ."

ನನಗೆ ನಗುವೂ ಬಂತು, ಅಳುವೂ ಬಂತು. ಮದುವೆಯಾದಂದಿನಿಂದ ನಾನು ಮಾಡಿದ್ದೇ ಮೊದಲೇ ಊಹಿಸುವ ಕೆಲಸ. ಇವರು ಕೇಳುವ ಮೊದಲೇ ಚಹಾ, ಅತ್ತೆ ಗೊಣಗುವ ಮೊದಲೇ ಬಿಸಿನೀರು. ಊಹಿಸದೆ ನಿಂತರೆ ಬೈಗುಳ. ಇಲ್ಲಿ ಊಹಿಸಿದರೆ ತಪ್ಪು! ಆದರೂ ಕಲಿತೆ. ಆರು ತಿಂಗಳಿಗೆ ಮಾಸ್ತರರ ಎದೆ ತಿರುಗಿದ ಕಡೆ ನನ್ನ ಕಾಲು ತಾನಾಗಿ ಹೋಗತೊಡಗಿತು. ಹಾಡಿನ ಲಯ ನನಗೆ ಹೊಸದಾಗಿರಲಿಲ್ಲ. ತಾಳದ ನಡುವೆ ಸುಮ್ಮನೆ ನಿಂತು ಮುಂದಿನ ಏಟಿಗೆ ಸೇರಿಕೊಳ್ಳುವ ಸುಖ ಆರು ವರ್ಷದ ಸಂಗೀತದಿಂದ ಗೊತ್ತಿದ್ದದ್ದು.

ಇವರಿಗೆ ಲಯ ಕೇಳಿಸುತ್ತಿರಲಿಲ್ಲ. ಅದು ಅವರ ತಪ್ಪಲ್ಲ. ಎದೆ ಒಂದು ಕಡೆ ಹೇಳಿದರೆ ಕಾಲು ಇನ್ನೊಂದು ಕಡೆ ಹೇಳುತ್ತಿತ್ತು. ನಾನು ಯಾವುದನ್ನು ನಂಬಲಿ ಎಂದು ತಡಬಡಿಸುವಷ್ಟರಲ್ಲಿ ಅವರ ಬೂಟು ನನ್ನ ಬೆರಳಿನ ಮೇಲೆ. ತಕ್ಷಣ ನಿಂತು ನನಗೆ ಪಾಠ: "ಎಡಗಾಲು ಹಿಂದ, ಎಡಗಾಲು! ಎಷ್ಟು ಸಲ ಹೇಳಬೇಕು? ನಿನಗ ಬರೂದಿಲ್ಲ ಅಂತಲ್ಲ, ನೀ ಮನಸ್ಸು ಕೊಡೂದಿಲ್ಲ."

ಒಂದು ದಿನ ಮಾಸ್ತರರು ಗ್ರಾಮಫೋನಿನ ಮುಳ್ಳು ಎತ್ತಿಬಿಟ್ಟರು.

"ಸಾಹೇಬ್, ಹಾಡಿನ ನಡುವೆ ಪಾಠ ಹೇಳಬಾರದು. ಅದು ಎಲ್ಲಕ್ಕಿಂತ ದೊಡ್ಡ ಅಸಭ್ಯತೆ. ಹೆಂಗಸು ತಪ್ಪು ಹೆಜ್ಜೆ ಇಟ್ಟರೆ, ಆ ಹೆಜ್ಜೆಯನ್ನೇ ಸರಿ ಮಾಡಿಕೊಂಡು ಮುಂದೆ ನಡೆಯುವುದು ಗಂಡಸಿನ ಕೆಲಸ. ನೋಡುವವರಿಗೆ ಅದು ತಪ್ಪು ಎಂದು ತಿಳಿಯಲೂಬಾರದು."

ಇವರು ನಕ್ಕರು, "ಯಸ್, ಯಸ್" ಅಂದರು. ಮರುನಿಮಿಷವೇ ಮತ್ತೆ, ಈ ಸಲ ಹಲ್ಲು ಕಚ್ಚಿಕೊಂಡು, "ಎಡಗಾಲು."

ತಿಂಗಳ ಕೊನೆಯ ಭಾನುವಾರ ಮಾಸ್ತರರ ಹಳೆಯ ಶಿಷ್ಯರೆಲ್ಲ ಸೇರಿ ಆ ಊರಿನ ರೀತಿಯಲ್ಲೇ ಕುಣಿಯುತ್ತಿದ್ದರು. ಅಲ್ಲಿನ ಶಿಷ್ಟಾಚಾರ ನನ್ನನ್ನು ಕಂಗಾಲು ಮಾಡಿತು. ಗಂಡಸು ಎದ್ದು ಬಂದು ಕೈ ಚಾಚಿ ಕೇಳುವಂತಿಲ್ಲ. ದೂರದಿಂದ ನೋಡಬೇಕು. ಹೆಂಗಸು ಅವನ ಕಣ್ಣಿಗೆ ಕಣ್ಣು ಕೊಟ್ಟರೆ ಅವನು ಸಣ್ಣಗೆ ತಲೆ ಆಡಿಸುತ್ತಾನೆ, ಅವಳೂ ಆಡಿಸಿದರೆ ಒಪ್ಪಿದ ಹಾಗೆ. ಒಲ್ಲೆ ಎನ್ನುವುದಾದರೆ ಬೇರೆ ಕಡೆ ನೋಡಿದರೆ ಸಾಕು. ಕೇಳಿದ್ದೂ ಯಾರಿಗೂ ಗೊತ್ತಾಗುವುದಿಲ್ಲ, ಒಲ್ಲೆ ಅಂದದ್ದೂ ಗೊತ್ತಾಗುವುದಿಲ್ಲ. ಒಳ್ಳೆಯ ಪದ್ಧತಿ, ನಾನು ಒಪ್ಪುತ್ತೇನೆ. ಆದರೆ ಗಂಡಸರ ಕಣ್ಣು ನೋಡಬಾರದು ಎಂದು ಇಪ್ಪತ್ನಾಲ್ಕು ವರ್ಷ ಹೇಳಿಸಿಕೊಂಡವಳು ನಾನು. ಒಂದು ತಾಸು ನೆಲ ನೋಡುತ್ತ ಕೂತೆ. ಯಾರೂ ಕರೆಯಲಿಲ್ಲ. ಕರೆಯುವುದಾದರೂ ಹೇಗೆ?

ಹೊತ್ತೆಷ್ಟಾಯಿತು ಎಂದು ಗಡಿಯಾರದ ಕಡೆ ತಲೆ ಎತ್ತಿದೆ. ಗಡಿಯಾರದ ಕೆಳಗೆ ಒಬ್ಬ ವಯಸ್ಸಾದ ಪಾರ್ಸಿ ಗೃಹಸ್ಥರು ಕೂತಿದ್ದರು. ನಾನು ಹೊತ್ತು ತಿಳಿದ ಸಮಾಧಾನಕ್ಕೆ ತಲೆ ಆಡಿಸಿದೆನೋ ಏನೋ, ಅವರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ನನ್ನ ಎದುರಿಗೇ ಬಂದು ನಿಂತರು. ಮಾಸ್ತರರ ತಂಗಿ ಪಕ್ಕದಿಂದ ಪಕ್ಕೆಗೆ ತಿವಿದು, "ಏಳು," ಅಂದಳು. ಎದ್ದೆ.

ಅವರು ಅದೆಷ್ಟು ಹಗುರವಾಗಿ ನಡೆಸಿದರೆಂದರೆ, ನನಗೆ ಮೊದಲ ಸಲ ಈ ಕುಣಿತ ಏನು ಎಂದು ತಿಳಿಯಿತು. ನಾನು ಎರಡು ಕಡೆ ತಪ್ಪಿದೆ. ತಪ್ಪಿದ್ದೇ ಸರಿ ಎಂಬಂತೆ ಅವರು ಅಲ್ಲಿಂದಲೇ ಹೊಸ ದಾರಿ ಹಿಡಿದರು. ಹಾಡು ಮುಗಿಯಿತು. ನಾನು ಕಲಿತ ಮರ್ಯಾದೆಯಂತೆ "ಥ್ಯಾಂಕ್ಯೂ" ಅಂದೆ. ಅವರ ಮುಖ ಸಣ್ಣದಾಯಿತು. ಬಗ್ಗಿ ನಮಸ್ಕರಿಸಿ, ನನ್ನನ್ನು ಕುರ್ಚಿಯ ತನಕ ತಂದು ಬಿಟ್ಟು ಹೋದರು.

"ಏನು ಮಾಡಿದೆ ನೀನು?" ಎಂದಳು ಮಾಸ್ತರರ ತಂಗಿ. "ಒಬ್ಬರ ಜೊತೆ ಮೂರು ನಾಲ್ಕು ಹಾಡು ಕುಣಿಯಬೇಕು. ನಡುವೆ ಥ್ಯಾಂಕ್ಯೂ ಅಂದರೆ ಸಾಕಾಯಿತು, ಹೋಗು ಅಂತ ಅರ್ಥ."

ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆಮೇಲೆ ಅವರ ಬಳಿ ಹೋಗಿ ನನ್ನ ಹರಕು ಹಿಂದಿಯಲ್ಲಿ ಕ್ಷಮೆ ಕೇಳಿದೆ. ಅವರು ಮನಸಾರೆ ನಕ್ಕು, ತಾವೂ ಮೊದಲ ವರ್ಷ ಹೀಗೇ ಒಬ್ಬಾಕೆಯನ್ನು ಓಡಿಸಿದ್ದಾಗಿ ಹೇಳಿದರು.

ವಾಪಸು ಬರುವಾಗ ಲೋಕಲ್ ವಡಾಲ ಬಿಟ್ಟ ಮೇಲೆ ಇವರು, "ಆ ಪಾರ್ಸಿ ಮುದುಕನ್ನ ನೋಡಿ ಯಾಕ ನಕ್ಕಿ?" ಅಂದರು.

"ನಾ ಗಡಿಯಾರ ನೋಡಿದೆ."

"ಗಡಿಯಾರ ನೋಡಿ ಯಾರರೆ ನಗ್ತಾರೇನು?"

"ನೀವೇ ಕಲೀ ಅಂದ್ರಿ. ಕಲತೀನಿ. ಈಗ ನೋಡಬ್ಯಾಡ ಅಂದ್ರ ಹೆಂಗ?"

ಎದುರಿನ ಬಾಕಿನ ಮೇಲಿನವರು ನಮ್ಮನ್ನು ನೋಡತೊಡಗಿದ್ದರಿಂದ ಇವರು ಕಿಟಕಿಯ ಕಡೆ ತಿರುಗಿದರು. ಒಳ್ಳೆಯ ಕುಣಿತಗಾರ್ತಿ ಬೇಕಿತ್ತು ಅವರಿಗೆ, ಸಾಹೇಬ ನೋಡುವಷ್ಟು. ಆದರೆ ಅವಳು ಬೇರೆ ಯಾರ ಕಣ್ಣಿಗೂ ಬೀಳಬಾರದು. ಎರಡೂ ಒಟ್ಟಿಗೆ ಹೇಗೆ ಆಗಬೇಕು ಎಂದು ಅವರು ಯೋಚಿಸಿರಲಿಲ್ಲ. ಯೋಚಿಸುವ ಕೆಲಸ ನನ್ನದು ಎಂದುಕೊಂಡಿದ್ದರೋ ಏನೋ.

ಕಂಪನಿಯ ಗ್ಯಾದರಿಂಗು ಒಂದು ಶನಿವಾರ ಮಧ್ಯಾಹ್ನ ನಾಲ್ಕಕ್ಕೆ, ಚರ್ಚ್‌ಗೇಟಿನ ಕಡೆ ಬಾಡಿಗೆಗೆ ಹಿಡಿದ ಒಂದು ದೊಡ್ಡ ಹಾಲಿನಲ್ಲಿ. ಮುಂಬಯಿಯಲ್ಲಿ ಆಗ ದಾರೂಬಂದಿ, ಮದ್ಯ ಸಿಗುತ್ತಿರಲಿಲ್ಲ. ಮೇಜಿನ ಮೇಲೆ ಚಹಾ, ಲೆಮನೇಡು, ಸಣ್ಣ ಸಣ್ಣ ಸ್ಯಾಂಡ್‌ವಿಚ್ಚು. ಐದು ಜನರ ಬ್ಯಾಂಡು. ನಾನು ತಿಳಿನೀಲಿ ಸೀರೆ ಉಟ್ಟಿದ್ದೆ, ಅದನ್ನು ಆರಿಸಿದವರೂ ಇವರೇ. ದೊಡ್ಡ ಸಾಹೇಬ ಎತ್ತರದ, ಕೆಂಪು ಕತ್ತಿನ ಮನುಷ್ಯ. ಅವನ ಹೆಂಡತಿ ನನ್ನ ಕೈ ಕುಲುಕಿ, ಸೀರೆ ಚೆನ್ನಾಗಿದೆ ಅಂದು ಮುಂದಿನವರ ಕಡೆ ತಿರುಗಿದಳು.

ವಾಲ್ಟ್ಸ್ ಎರಡು ಆದವು. ನಾವು ಕೂತೇ ಇದ್ದೆವು. ಮೂರನೆಯದು ಟ್ಯಾಂಗೋ. ಇವರು ನನ್ನ ಮೊಣಕೈ ಹಿಡಿದು ಎಬ್ಬಿಸಿದರು. ಕೈ ತಣ್ಣಗಿತ್ತು, ಒದ್ದೆಯಿತ್ತು. ಆ ಕ್ಷಣ ನನಗೆ ಅವರ ಮೇಲೆ ಕನಿಕರವೇ ಬಂತು.

ಹಾಲಿನ ನಡುವಿನ ಕುಣಿಯುವ ಅಂಗಳದಲ್ಲಿ ಜೋಡಿಗಳೆಲ್ಲ ಒಂದೇ ದಿಕ್ಕಿನಲ್ಲಿ, ಒಬ್ಬರ ಹಿಂದೆ ಒಬ್ಬರು ಸುತ್ತುತ್ತಿರಬೇಕು. ಮುಂದಿನವರನ್ನು ದಾಟಬಾರದು, ಅಡ್ಡ ನುಗ್ಗಬಾರದು. ಇವರಿಗೆ ಗಾಬರಿ. ಲೋಕಲ್ ತಪ್ಪಿಹೋಗುತ್ತದೆ ಎಂಬಂತೆ ಉದ್ದುದ್ದ ಹೆಜ್ಜೆ ಹಾಕಿ ಇಬ್ಬರನ್ನು ದಾಟಿದರು. ಎಡಕ್ಕೆ ತಿರುಗುತ್ತೇನೆ ಎಂದು ಎದೆ ಹೇಳಿತು, ನಾನು ಹೋದೆ. ಕಾಲು ಬಲಕ್ಕೆ ಹೋಯಿತು. ನನ್ನ ಬೆನ್ನು ಹಿಂದಿದ್ದ ಜೋಡಿಗೆ ಢಿಕ್ಕಿ ಹೊಡೆಯಿತು. ಆ ಹೆಂಗಸು "ಓಹ್!" ಅಂದಳು. ಇವರು ಅವಳಿಗೆ ಸಾರಿ ಹೇಳಿ, ನಗುತ್ತ, ಬೆರಳಿನಿಂದ ನನ್ನನ್ನು ತೋರಿಸಿದರು.

ಆ ಬೆರಳು ನನಗೆ ಇವತ್ತಿಗೂ ಕಾಣುತ್ತದೆ.

ಆಮೇಲೆ ನಡು ಅಂಗಳದಲ್ಲಿ ನಿಂತು ಕನ್ನಡದಲ್ಲಿ, ದನಿ ಏರಿಸಿಯೇ, "ಮಾನ ಕಳದೀ! ಒಂದೂವರೆ ವರ್ಷ ಕಲತು ಇದಾ? ದನ ಆದರೂ ಕಲೀತಿತ್ತು," ಅಂದರು. ಅಲ್ಲಿ ಯಾರಿಗೂ ಕನ್ನಡ ತಿಳಿಯದು ಎಂಬ ಧೈರ್ಯ.

ನಾನು ಕೈ ಸಡಿಲ ಮಾಡಲಿಲ್ಲ. "ನಡೀರಿ, ಹಾಡು ಮುಗೀಲಿ," ಅಂದೆ.

ಅವರು ಕೈ ಕಿತ್ತುಕೊಂಡರು. ನನ್ನನ್ನು ಅಲ್ಲೇ ಬಿಟ್ಟು, ಜೋಡಿಗಳ ನಡುವೆ ದಾರಿ ಮಾಡಿಕೊಂಡು, ಚಹಾದ ಮೇಜಿನ ಕಡೆ ಹೋದರು.

ಮಾಸ್ತರರು ಹತ್ತಾರು ನಿಯಮ ಕಲಿಸಿದ್ದರು. ಇದೊಂದನ್ನು ಕಲಿಸುವ ಅಗತ್ಯ ಬೀಳಬಾರದು ಎಂಬಂತೆ ಒಂದೇ ಸಲ ಹೇಳಿದ್ದರು: ಹಾಡಿನ ನಡುವೆ ಹೆಂಗಸನ್ನು ಅಂಗಳದಲ್ಲಿ ಬಿಟ್ಟು ಹೋಗಬಾರದು. ಜಗಳವಿರಲಿ, ಜ್ವರವಿರಲಿ, ಹಾಡು ಮುಗಿಸಿ ಅವಳನ್ನು ಅವಳ ಕುರ್ಚಿಗೆ ಮುಟ್ಟಿಸಬೇಕು.

ಓಡಿಹೋಗಬೇಕು ಅನಿಸಿತು. ಬಾಗಿಲು ಎದುರಿಗೇ ಇತ್ತು. ಆದರೆ ಓಡಿದರೆ ತಪ್ಪು ನನ್ನದಾಗುತ್ತದೆ ಎಂದು ಯಾಕೋ ಸ್ಪಷ್ಟವಾಗಿ ಹೊಳೆಯಿತು. ತಲೆ ಬಗ್ಗಿಸಿ ಕುರ್ಚಿಗೆ ಹೋದರೂ ಅಷ್ಟೇ. ನಾನು ಕುಣಿಯಲು ಬಂದವಳು, ಹಾಡು ಇನ್ನೂ ನಡೆದಿತ್ತು. ಸೆರಗು ಸರಿಮಾಡಿಕೊಂಡು, ಕೈ ಕಟ್ಟಿಕೊಂಡು, ಅಲ್ಲೇ ನಿಂತೆ. ಜೋಡಿಗಳು ನನ್ನ ಸುತ್ತ ತಿರುಗಿದವು. ಪ್ರತಿ ಸುತ್ತಿಗೂ ಅದೇ ಮುಖಗಳು ಬಂದವು, ನನ್ನ ಹತ್ತಿರ ಬಂದಾಗ ಬೇರೆ ಕಡೆ ತಿರುಗಿದವು. ದೊಡ್ಡ ಸಾಹೇಬನ ಹೆಂಡತಿ ಎರಡು ಸಲ ಹಾದುಹೋದಳು. ಮ್ಯಾನರ್ಸ್, ಮ್ಯಾನರ್ಸ್ ಎಂದು ಇವರು ಜಪಿಸುತ್ತಿದ್ದುದು ಈ ಜನರ ಮ್ಯಾನರ್ಸನ್ನೇ. ಅವರಲ್ಲಿ ಒಬ್ಬರೂ ನಿಲ್ಲಲಿಲ್ಲ. ಎರಡು ನಿಮಿಷವಿದ್ದೀತು. ಅಷ್ಟು ಉದ್ದದ ಹಾಡನ್ನು ನಾನು ಕೇಳಿಲ್ಲ.

ಹಾಡು ಮುಗಿಯಿತು. ಚಪ್ಪಾಳೆ ಬಿತ್ತು. ನಾನು ನಿಧಾನಕ್ಕೆ ನಡೆದು ನನ್ನ ಕುರ್ಚಿಯ ಹತ್ತಿರ ಬಂದೆ. ಲೆಮನೇಡಿನ ತಟ್ಟೆ ಹಿಡಿದು ಗೋಡೆಯ ಬಳಿ ನಿಂತಿದ್ದ ನಡುವಯಸ್ಸಿನ ಬೇರರ್ ಒಬ್ಬ ಮುಂದೆ ಬಂದು ಕುರ್ಚಿ ಎಳೆದುಕೊಟ್ಟ.

"ಕೂತ್ಕೊಳ್ಳಿ ಅಕ್ಕಾ. ನೀರು ತರ್ತೇನೆ," ಅಂದ. ಉಡುಪಿಯ ಕಡೆಯ ಕನ್ನಡ. ಎಲ್ಲವೂ ಅವನಿಗೆ ತಿಳಿದಿತ್ತು. ನನ್ನ ಮುಖ ನೋಡದೆ ನೀರಿಟ್ಟು ಹೋದ.

ಮುಂದಿನ ಹಾಡಿಗೆ ದೊಡ್ಡ ಸಾಹೇಬ ತಾನೇ ಎದ್ದು ಬಂದ. ಬಗ್ಗಿ, ಕೈ ಚಾಚಿ, ನಿಮ್ಮ ಜೊತೆ ಕುಣಿಯುವ ಗೌರವ ಸಿಗಬಹುದೇ ಎಂದು ಕೇಳಿದ. ಅವನ ದನಿಯಲ್ಲಿ ಕರುಣೆಯಿತ್ತು. ಆ ಕರುಣೆ ಎರಡು ನಿಮಿಷ ಮೊದಲು ಎಲ್ಲಿತ್ತು? ಅವನ ಹಿಂದೆ, ಚಹಾದ ಮೇಜಿನ ಬಳಿಯಿಂದ, ಇವರು ನನಗೆ ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದರು: ಏಳು, ಏಳು.

"ನೋ, ಥ್ಯಾಂಕ್ಯೂ," ಅಂದೆ. ಈ ಸಲ ಆ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದಾಗ ಏಳೂವರೆ. ಅತ್ತೆ ದೇವರ ಮುಂದೆ ದೀಪ ಸರಿಮಾಡುತ್ತಿದ್ದರು. ಇವರು ಚಪ್ಪಲಿ ಸ್ಟ್ಯಾಂಡನ್ನು ಒದ್ದೇ ಒಳಗೆ ಬಂದರು.

"ದೊಡ್ಡ ಸಾಹೇಬ ಬಂದು ಕೇಳಿದರ ಒಲ್ಲೆ ಅಂದಳು! ನಿನ್ನ ಸೊಸಿ! ನನ್ನ ಪ್ರಮೋಶನ್ ಮುಗೀತು ಇವತ್ತಿಗೆ."

"ಏನು ಕೇಳಿದ?" ಎಂದರು ಅತ್ತೆ.

ಹಾಗೆ ಎಲ್ಲ ಹೊರಬಿತ್ತು. ಇಂಗ್ಲಿಷ್ ಕ್ಲಾಸು, ಧೋಬಿತಲಾವು, ಟ್ಯಾಂಗೋ, ಎಲ್ಲ. ಅತ್ತೆ ಗೋಡೆಗೆ ಒರಗಿ ಕೂತರು. ಒಂದೂವರೆ ವರ್ಷ ಇಬ್ಬರೂ ಸೇರಿ ನನಗೆ ಸುಳ್ಳು ಹೇಳಿದಿರಾ ಎಂದು ಅತ್ತರು. ನನ್ನ ಕಡೆ ತಿರುಗಿ, ಕಂಡ ಗಂಡಸರ ಕೈ ಮೈಗೆ ಹತ್ತಿಸಿಕೊಂಡು ಬಂದು ದೇವರ ಮನೆ ಹೊಕ್ಕೆಯಲ್ಲ ಅಂದರು. ಅದಾಗಿ ತಿಂಗಳುಗಟ್ಟಲೆ ದೇವರ ಪಾತ್ರೆ ಮುಟ್ಟಲು ನನ್ನನ್ನು ಬಿಡಲಿಲ್ಲ. ಕುಣಿಸಿದ ಮಗ ಮಾತ್ರ ಮರುದಿನವೇ ಮಡಿ ಉಟ್ಟು ಪೂಜೆ ಮಾಡಿದರು. ಈ ಸಿಟ್ಟೂ ನನಗೆ ಇನ್ನೂ ಇಳಿದಿಲ್ಲ.

ಆದರೂ ಅವತ್ತು ಅತ್ತೆ ಒಂದು ಮಾತು ಕೇಳಿದರು, ಅದನ್ನು ಬಿಟ್ಟುಬಿಟ್ಟರೆ ಅನ್ಯಾಯವಾಗುತ್ತದೆ. ಕಣ್ಣೊರೆಸಿಕೊಂಡು, "ಮೊದಲ ಇಬ್ಬರೂ ಕೂಡೇ ಕುಣದಿರಿ, ಆಮ್ಯಾಲ ಸಾಹೇಬ ಬಂದು ಆಕೀನ್ನ ಯಾಕ ಕೇಳಿದ? ನೀ ಎಲ್ಲಿ ಹೋಗಿದ್ದಿ?" ಅಂದರು.

ನಾನೇ ಹೇಳಿದೆ.

"ಅಷ್ಟು ಮಂದ್ಯಾಗ ಒಬ್ಬಾಕೀನ್ನ ಬಿಟ್ಟು ಹೋದಿಯೇನೋ?" ಅಂದರು ಅತ್ತೆ ಮಗನಿಗೆ. ಅಷ್ಟೇ. ಮತ್ತೆ ದೀಪದ ಕಡೆ ತಿರುಗಿದರು.

ಬೂಟು ವಾಪಸು ಕೊಡಲು ಆ ವಾರ ನಾನೊಬ್ಬಳೇ ಧೋಬಿತಲಾವಿಗೆ ಹೋದೆ. ನಡೆದದ್ದನ್ನು ಕೇಳಿ ಮಾಸ್ತರರ ಮುಖ ಕಪ್ಪಿಟ್ಟಿತು. ಆ ಊರಿನಲ್ಲಾಗಿದ್ದರೆ ಅಂಥ ಗಂಡಸಿಗೆ ಒಂದು ವರ್ಷ ಯಾವ ಹೆಂಗಸೂ ಕಣ್ಣು ಕೊಡುತ್ತಿರಲಿಲ್ಲ ಅಂದರು.

"ಮತ್ತೆ ಆ ಹೆಂಗಸು?" ಎಂದು ಕೇಳಿದೆ.

ಅವರು ಗ್ರಾಮಫೋನಿನ ಮುಚ್ಚಳ ಒರೆಸತೊಡಗಿದರು. ಅವರ ತಂಗಿಯೇ ಹೇಳಿದಳು: "ಅವಳನ್ನೂ ಯಾರೂ ಕರೆಯುವುದಿಲ್ಲ. ಏನೋ ಮಾಡಿರಬೇಕು, ಇಲ್ಲದಿದ್ದರೆ ಅವನು ಯಾಕೆ ಬಿಟ್ಟು ಹೋಗುತ್ತಿದ್ದ ಅನ್ನುತ್ತಾರೆ."

"ಚೆಂದ ಇದೆ ನಿಮ್ಮ ನಿಯಮ," ಅಂದೆ ನಾನು. ಮಾಸ್ತರರ ಎದುರು ದನಿ ಏರಿಸಿದ್ದು ಅದೇ ಮೊದಲು. ಅವರು ಬೇಸರ ಮಾಡಿಕೊಳ್ಳಲಿಲ್ಲ.

ತಂಗಿ ಬೂಟನ್ನು ತೆಗೆದುಕೊಳ್ಳಲಿಲ್ಲ. ಬುಧವಾರ ಮಧ್ಯಾಹ್ನ ತನ್ನ ಹತ್ತಿರ ನಾಲ್ಕೈದು ಹೆಂಗಸರು ಬರುತ್ತಾರೆ, ಹೆಂಗಸರು ಹೆಂಗಸರೇ ಕುಣಿಯುತ್ತಾರೆ, ಬಾ ಅಂದಳು. ಮನೆಯಲ್ಲಿ ಈ ಸಲ ಸುಳ್ಳು ಹೇಳಲಿಲ್ಲ. ಅತ್ತೆ ಮುಖ ತಿರುಗಿಸಿದರು. ಇವರು, "ನಿನಗ ಹೆಂಗ ತಿಳೀತದ ಹಂಗ ಮಾಡು," ಅಂದರು. ಮಾಡಬೇಡ ಎಂದು ಅದರ ಅರ್ಥ. ನನಗೆ ತಿಳಿದ ಹಾಗೆ ಮಾಡಿದೆ.

ಬುಧವಾರಗಳಲ್ಲಿ ನಾನು ಗಂಡಸಿನ ಹೆಜ್ಜೆ ಕಲಿತೆ. ನನ್ನ ಪಾಲಿಗೆ ಬಂದವಳು ಗಿರಗಾಂವದ ಒಬ್ಬ ಸಾಲೆ ಟೀಚರು, ನನಗಿಂತ ಹೊಸಬಳು. ಮೊದಲ ದಿನವೇ ಅವಳ ಕಾಲು ತುಳಿದೆ, ಒಮ್ಮೆ ಕುರ್ಚಿಗೂ ಒಮ್ಮೆ ಗೋಡೆಗೂ ತಾಗಿಸಿದೆ. ಯಾವ ಕಡೆ ಹೋಗಬೇಕು, ಯಾವಾಗ ಹೋಗಬೇಕು, ಹಿಂದೆ ಯಾರಿದ್ದಾರೆ, ಹಾಡು ಎಲ್ಲಿದೆ, ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಇನ್ನೊಬ್ಬರನ್ನು ನಡೆಸುವುದು ಕಷ್ಟ ಎಂದು ತಿಳಿಯಿತು. ಅಂಗೈ ನನ್ನದೂ ಒದ್ದೆಯಾಯಿತು. ನಾಲಿಗೆಯ ತುದಿಗೆ ಬಂದಿತ್ತು, "ಎಡಗಾಲು, ಎಡಗಾಲು" ಎಂದು. ಆದರೆ ನಾನು ಅದನ್ನು ಅನ್ನಲಿಲ್ಲ. ಅವಳನ್ನು ನಡುವೆ ಬಿಟ್ಟೂ ಹೋಗಲಿಲ್ಲ. ಅಷ್ಟು ಮಾಡಲು ಬಹಳ ದೊಡ್ಡ ಮನಸ್ಸೇನೂ ಬೇಕಾಗಲಿಲ್ಲ.

ಎರಡು ವರ್ಷ ಹೋದೆ. ಮಾಸ್ತರರಿಗೆ ಕಾಲು ಬಾತು ಮೆಟ್ಟಿಲು ಹತ್ತುವುದು ಕಷ್ಟವಾದ ಮೇಲೆ ಅಣ್ಣತಂಗಿ ಗೋವಾಕ್ಕೆ ಹೊರಟುಹೋದರು. ಮಾಳಿಗೆಗೆ ಬೇರೆ ಯಾರೋ ಬಂದರು.

ಆ ಆಫೀಸರನ ಜಾಗ ಇವರಿಗೆ ಸಿಗಲಿಲ್ಲ. ಸಿಕ್ಕಿದ್ದು ಅವರ ಪಕ್ಕದ ಮೇಜಿನ ಒಬ್ಬ ಮದರಾಸಿನವನಿಗೆ. ಮದುವೆಯಾಗದವನು. ಆ ಗ್ಯಾದರಿಂಗಿಗೇ ಬಂದಿರಲಿಲ್ಲ, ಕುಣಿತ ಅವನಿಗೆ ಗೊತ್ತೂ ಇರಲಿಲ್ಲ. ಸೀನಿಯಾರಿಟಿಯಲ್ಲಿ ಅವನು ಮುಂದಿದ್ದ, ಅಷ್ಟೇ. ಐದು ವರ್ಷ ಕಳೆದ ಮೇಲೆ ಇವರೂ ಅದೇ ಲೆಕ್ಕದಲ್ಲಿ ಆಫೀಸರಾದರು.

ಆದರೆ ಇವರು ಬಂಧುಬಳಗದಲ್ಲಿ ಹೇಳುತ್ತ ಬಂದದ್ದು ಬೇರೆ. ಮುಂಬಯಿಗೆ ಹೋಗಿ ಇವಳಿಗೆ ಡಾನ್ಸಿನ ಹುಚ್ಚು ಹಿಡಿದಿತ್ತು, ಸಾಹೇಬ ಕೈ ಚಾಚಿದರೆ ಸೊಕ್ಕಿನಿಂದ ಒಲ್ಲೆ ಅಂದಳು, ನನ್ನ ಐದು ವರ್ಷ ತಿಂದಳು. ಮದುವೆ, ಮುಂಜಿ ಎಲ್ಲಿ ಹೋದರೂ ಈ ಕತೆ. ಎಲ್ಲರೂ ನಗುವರು. ನಾನು ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಒಮ್ಮೆ ಧಾರವಾಡದಲ್ಲಿ ಮೈದುನನ ಮನೆಯಲ್ಲಿ ಹದಿನೈದು ಜನ ಅವಲಕ್ಕಿ ತಿನ್ನುತ್ತ ಕೂತಿದ್ದಾಗ ಇವರು ಮತ್ತೆ ಶುರುಮಾಡಿದರು. ಸೊಕ್ಕಿನ ತನಕ ಬಂದರು. ನಾನು ಒಳಗೆ ಹೋಗಲಿಲ್ಲ.

"ಅದಕ್ಕೂ ಮೊದಲಿಂದು ಹೇಳ್ರಿ," ಅಂದೆ. "ಕಲೀ ಅಂತ ಕೈ ಹಿಡಿದು ಕರಕೊಂಡು ಹೋದವರು ಯಾರು, ಹಾಡಿನ ನಡುವ ದನ ಅಂದು ಬಿಟ್ಟು ಹೋದವರು ಯಾರು, ಅದನ್ನೂ ಹೇಳ್ರಿ. ನಿಮಗ ನೆನಪಿಲ್ಲದಿದ್ರ ನಾ ಹೇಳ್ತೀನಿ."

ಹೇಳಿದೆ. ಮೊದಲಿನಿಂದ ಕೊನೆಯ ತನಕ, ಆ ಬೆರಳು ತೋರಿಸಿದ್ದನ್ನೂ ಸೇರಿಸಿ. ಯಾರೂ ನಗಲಿಲ್ಲ. ಮೈದುನ ಎದ್ದು ಹೋಗಿ ರೇಡಿಯೋ ಹಚ್ಚಿದ.

ಮರುದಿನ ರೈಲಿನಲ್ಲಿ ಬೆಳಗಾವಿ ದಾಟುವ ತನಕ ಇವರು ಪೇಪರು ಹಿಡಿದು ಕೂತಿದ್ದರು. ಆಮೇಲೆ ಪೇಪರು ಮಡಚದೆಯೇ, "ಎಲ್ಲಾರ ಮುಂದ ಹೇಳೂ ಜರೂರಿ ಇತ್ತೇನು?" ಅಂದರು.

"ಇತ್ತು," ಅಂದೆ.

ಆ ಕತೆಯನ್ನು ಅವರು ಮತ್ತೆ ಎಲ್ಲೂ ಹೇಳಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ.